ಕಾಕಾನ ಕೈಗೆ ತಕ್ಕ ಹಿಡಿಕೆ

ಗೋವಾದ ವಾಸ್ಕೋದಲ್ಲಿ ನನಗೆ ಗೊತ್ತಿರುವ ಗಾಳದವರೆಲ್ಲ ಫೋಮ್ ಪಾರ್ಟಿ. ಇವಿಎ ಫೋಮ್ ಹಿಡಿಕೆ ಅಗ್ಗ, ಉಪ್ಪುನೀರಿಗೆ ಹಾಳಾಗುವುದಿಲ್ಲ, ಬಂಡೆಗೆ ತಗುಲಿದರೂ ಚಕ್ಕೆ ಏಳುವುದಿಲ್ಲ. ಎಲ್ಲ ನಿಜ. ಆದರೂ ನಾನು ರಾಡ್, ಅಂದರೆ ಗಾಳದ ಕೋಲು, ಕಟ್ಟುವಾಗ ಕಾರ್ಕ್ ಬಿಟ್ಟಿಲ್ಲ. ಒದ್ದೆ ಕೈಯಲ್ಲಿ ಕಾರ್ಕ್ ಜಾರುವುದಿಲ್ಲ, ತೂಕವೂ ಇಲ್ಲ. ಎಲ್ಲಕ್ಕಿಂತ ಜಾಸ್ತಿ, ಹಿಡಿಯುವವರ ಕೈ ನೋಡಿಕೊಂಡು ಒಂದೊಂದೇ ಬಿಲ್ಲೆ ಕೂರಿಸುತ್ತಾ ಹೋಗಬಹುದು.

ಈ ಸಲ ಕಟ್ಟುತ್ತಿರುವುದು ಬೈನಾದ ಕಾಕಾಗೆ. ಗದಗ ಕಡೆಯವರು, ಬಂದರಿನಲ್ಲಿ ದುಡಿದು ರಿಟೈರ್ ಆದವರು. ಬಲಗೈ ಬೆರಳು ಪೂರ್ತಿ ಮಡಚುವುದಿಲ್ಲ. ಅಂಗಡಿಯಲ್ಲಿ ಸಿಗುವ ರಾಡ್‌ಗಳ ಹಿಡಿಕೆ ಅವರಿಗೆ ತೆಳ್ಳಗಾಗುತ್ತದೆ, ಮುಷ್ಟಿ ಬಿಗಿ ಮಾಡಿದಷ್ಟೂ ಗೆಣ್ಣು ನೋಯುತ್ತದೆ. ಸಂಜೆ ಹೊತ್ತು ಜುವಾರಿ ನದಿಯ ದಡದಲ್ಲಿ ಚೊಣಕ್ ಮೀನಿಗೆ ಕಾಯುವುದು ಅವರ ಚಟ. ಎಲೆ ಅಡಿಕೆ ಬೇರೆ ಲೆಕ್ಕ.

ಅಳತೆ ತೆಗೆದುಕೊಳ್ಳಲು ಒಂದು ತುಂಡು ಪಿವಿಸಿ ಪೈಪಿಗೆ ಹಳೇ ಪಂಚೆಯ ಪಟ್ಟಿ ಸುತ್ತುತ್ತಾ ಹೋದೆ. 'ಈಗ ಹೆಂಗೈತ್ರಿ ಕಾಕಾ?' ಅಂದರೆ, 'ಇನ್ನೊಂದು ಸುತ್ತು ಹಾಕೋ ತಮ್ಮಾ' ಅನ್ನುವರು. ಕೊನೆಗೆ ಬೆರಳು ಸಡಿಲವಾಗಿ ಕೂತು, ಹೆಬ್ಬೆರಳು ಆರಾಮಾಗಿ ಮೇಲೆ ಮಲಗಿದ ಮೇಲೆ 'ಹಾಂ, ಬರೋಬ್ಬರಿ' ಅಂದರು. ಕ್ಯಾಲಿಪರ್ ಹಿಡಿದರೆ 29 ಮಿಲಿಮೀಟರ್. ನಾನು ಸಾಧಾರಣವಾಗಿ 25ರ ಆಸುಪಾಸಿನಲ್ಲಿ ಮುಗಿಸುತ್ತೇನೆ. ನಾಲ್ಕು ಮಿಲಿಮೀಟರ್ ಏನು ಮಹಾ ಅನ್ನಬೇಡಿ, ನೋಯುವ ಕೈಗೆ ಅದು ಬಹಳ.

ಕಾರ್ಕ್ ಬರುವುದು ಬಿಲ್ಲೆಗಳ ರೂಪದಲ್ಲಿ. ಒಂದೂಕಾಲು ಇಂಚು ಅಗಲ, ಅರ್ಧ ಇಂಚು ದಪ್ಪ, ನಡುವೆ ಕಾಲು ಇಂಚಿನ ತೂತು. ಕಾಕಾಗೆ ರೀಲಿನ, ಅಂದರೆ ದಾರ ಸುತ್ತುವ ಗಾಲಿಯ, ಹಿಂದಿನ ಹಿಡಿಕೆ 9 ಇಂಚು, ಅಂದರೆ 18 ಬಿಲ್ಲೆ. ರೀಲಿನ ಮುಂದೆ 3 ಇಂಚು, ಅಲ್ಲಿಗೆ 6. ಪೊಟ್ಟಣದ ಮೇಲೆ ಎ, ಎಎ, ಎಎಎ ಅಂತ ದರ್ಜೆ ಬರೆದಿರುತ್ತಾರೆ. ಅದನ್ನು ನಂಬಬೇಡಿ. ಒಬ್ಬರ ಎಎಎ ಇನ್ನೊಬ್ಬರ ಎ. ಬಿಲ್ಲೆಯ ಅಂಚು ನೋಡಿ, ಉಗುರಿನಿಂದ ಮೆಲ್ಲಗೆ ಒತ್ತಿ. ಕಂದು ಬಣ್ಣದ ಗಟ್ಟಿ ಚಕ್ಕೆ, ಆಳದ ಗುಂಡಿ ಇದ್ದವನ್ನು ಪಕ್ಕಕ್ಕಿಡಿ. ಎಸೆಯಬೇಕಿಲ್ಲ, ಹಿಂದಿನ ಹಿಡಿಕೆಯ ನಡುವೆ ಕೈ ತಾಗದ ಜಾಗಕ್ಕೆ ಆಗುತ್ತವೆ. ಒಳ್ಳೆಯವು ರೀಲಿನ ಹತ್ತಿರ ಹೋಗಲಿ. ಬುಡದ ತುದಿಗೆ ಮಾತ್ರ ರಬ್ಬರ್ ಬೆರೆಸಿದ ಕಾರ್ಕೇ ಬೇಕು, ಯಾಕೆಂದರೆ ಕಾಕಾ ರಾಡನ್ನು ಕಲ್ಲಿನ ಮೇಲೆ ಕುಟ್ಟಿಯೇ ನಿಲ್ಲಿಸುವುದು.

ಕಾರ್ಕ್ ಓಕ್ ಅನ್ನುವ ಮರದ ತೊಗಟೆ ಇದು. ಪೋರ್ಚುಗಲ್‌ನಲ್ಲಿ ಮರಕ್ಕೆ ಸುಮಾರು 25 ವರ್ಷ ಆದ ಮೇಲೆ ಮೊದಲ ಸಲ ಸುಲಿಯುತ್ತಾರೆ, ಆಮೇಲೆ ಒಂಬತ್ತು ವರ್ಷಕ್ಕೊಮ್ಮೆ. ಮರ ಕಡಿಯುವುದಿಲ್ಲ. ಜಗತ್ತಿನ ಕಾರ್ಕ್‌ನಲ್ಲಿ ಹೆಚ್ಚುಕಮ್ಮಿ ಅರ್ಧ ಆ ಒಂದು ದೇಶದ್ದೇ. 1961ರಲ್ಲಿ ಪೋರ್ಚುಗೀಸರನ್ನು ಗೋವಾದಿಂದ ಕಳಿಸಿದ್ದಾಯಿತು, ಕಾರ್ಕ್ ಮಾತ್ರ ನಾವೇ ದುಡ್ಡು ಕೊಟ್ಟು ತರಿಸಿಕೊಳ್ಳುತ್ತಿದ್ದೇವೆ.

ಇನ್ನು ಕೂರಿಸುವ ಕೆಲಸ. ನನ್ನ ಪ್ರಕಾರ ರಾಡ್ ಕಟ್ಟುವುದರಲ್ಲಿ ತಾಳ್ಮೆ ಬೇಕಾಗಿರುವುದೇ ಇಲ್ಲಿ. ಬ್ಲ್ಯಾಂಕ್ ಅಂದರೆ ಏನೂ ಕಟ್ಟದ ಬರಿಗೋಲು. ಅದು ಬುಡದಲ್ಲಿ ದಪ್ಪ, ತುದಿಗೆ ಹೋಗುತ್ತಾ ಸಣ್ಣ. ಬಿಲ್ಲೆಯನ್ನು ತುದಿಯಿಂದ ಏರಿಸಿ ಬುಡದ ಕಡೆಗೆ ಇಳಿಸಬೇಕು. ಹಾಗಾಗಿ ಪ್ರತಿ ಬಿಲ್ಲೆಯ ತೂತು ಅದು ಕೂರುವ ಜಾಗದ ದಪ್ಪಕ್ಕೆ ಸರಿಯಾಗಿರಬೇಕು, ಪಕ್ಕದ ಬಿಲ್ಲೆಯ ಅಳತೆ ಇದಕ್ಕೆ ಆಗುವುದಿಲ್ಲ. ಮೊದಲು ಬುಡದ್ದು, ಆಮೇಲೆ ಅದರ ಮೇಲಿನದು.

ತೂತು ದೊಡ್ಡದು ಮಾಡಲು ರೀಮರ್ ಸಿಗುತ್ತದೆ. ನನ್ನದು ಮನೆಯಲ್ಲೇ ಮಾಡಿದ್ದು. ಮುರಿದ ರಾಡಿನ ಬುಡಕ್ಕೆ 80 ನಂಬರಿನ ಪಾಲಿಶ್ ಪೇಪರ್ ಪಟ್ಟಿಯನ್ನು ಓರೆಯಾಗಿ ಸುತ್ತಿ ಅಂಟಿಸಿದ್ದೇನೆ. ಅದಕ್ಕೂ ಬ್ಲ್ಯಾಂಕಿನ ಹಾಗೇ ಇಳಿಜಾರು ಇದೆಯಲ್ಲ, ತೂತಿಗೂ ಅದೇ ಇಳಿಜಾರು ಬರುತ್ತದೆ. ಎರಡು ಸುತ್ತು ತಿರುಗಿಸಿ, ಪುಡಿ ಊದಿ, ಬ್ಲ್ಯಾಂಕಿಗೆ ಹಾಕಿ ನೋಡಿ. ಬಿಲ್ಲೆ ತನ್ನ ಜಾಗಕ್ಕಿಂತ ಅರ್ಧ ಇಂಚು ಮೇಲೆ ತಾನಾಗಿ ನಿಂತರೆ ಸಾಕು, ಉಳಿದದ್ದು ಹೆಬ್ಬೆರಳಿನಿಂದ ಒತ್ತಿದರೆ ಇಳಿಯುತ್ತದೆ. ಇನ್ನೂ ಮೇಲೆ ನಿಂತಿತೋ, ಬಲವಂತ ಮಾಡಬೇಡಿ, ಸೀಳುತ್ತದೆ. ತನ್ನ ಜಾಗಕ್ಕೆ ತಾನೇ ಜಾರಿ ಬಂತೋ, ತೂತು ಜಾಸ್ತಿಯಾಯಿತು. ಆ ಸಂದಿಯನ್ನು ಅಂಟಿನಿಂದ ತುಂಬಿದರೆ ತೂಕ ಬರುತ್ತದೆ, ಹಿಡಿತ ಬರುವುದಿಲ್ಲ. ಅಂಥದ್ದನ್ನು ಇನ್ನೂ ಕೆಳಗೆ, ದಪ್ಪ ಇರುವ ಕಡೆ ಬಳಸಿ. ಪ್ರತಿ ಬಿಲ್ಲೆಯ ಮೇಲೂ ಪೆನ್ಸಿಲ್‌ನಲ್ಲಿ ನಂಬರ್ ಹಾಕಿಕೊಳ್ಳಿ. ಎಲ್ಲವನ್ನೂ ಒಣದಾಗಿಯೇ ಜೋಡಿಸಿ ನೋಡುವ ತನಕ ಅಂಟಿನ ಮುಚ್ಚಳ ತೆಗೆಯಬೇಡಿ.

ಕಾಕಾ ಇದನ್ನು ಕೂತು ನೋಡುತ್ತಿದ್ದರು. 'ತಮ್ಮಾ, ಇದು ಬಾಟ್ಲಿ ಬೂಚ್ ಇದ್ದಂಗ ಐತಲ್ಲೋ. ಸಮುದ್ರದಾಗ ತಡೀತದೇನು?' ಬಾಟ್ಲಿಯಲ್ಲಿ ವರ್ಷಗಟ್ಟಲೆ ತಡೆಯುವುದು ಇಲ್ಲಿ ತಡೆಯುವುದಿಲ್ಲವೇ ಕಾಕಾ ಅಂದೆ. ಅವರಿಗೆ ಪೂರ್ತಿ ನಂಬಿಕೆ ಬಂದ ಹಾಗೆ ಕಾಣಲಿಲ್ಲ.

ಬ್ಲ್ಯಾಂಕಿಗೆ ಅಂಟಿಸಲು ನಿಧಾನವಾಗಿ ಗಟ್ಟಿಯಾಗುವ ಅರಾಲ್ಡೈಟ್. ಐದು ನಿಮಿಷದ್ದು ಬೇಡ, ಅರ್ಧ ಕೆಲಸದಲ್ಲೇ ಕೈಕೊಡುತ್ತದೆ. ಬ್ಲ್ಯಾಂಕಿನ ನುಣುಪನ್ನು ಹಿಡಿಕೆ ಕೂರುವಷ್ಟು ಜಾಗದಲ್ಲಿ ಮಾತ್ರ ಸ್ವಲ್ಪ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ, ತೆಳುವಾಗಿ ಸವರಿ. ಬಿಲ್ಲೆಯನ್ನು ತಿರುಗಿಸುತ್ತಾ ಇಳಿಸಿ, ಆಗ ಅಂಟು ಸುತ್ತಲೂ ಹರಡುತ್ತದೆ. ಬಿಲ್ಲೆ ಬಿಲ್ಲೆಗಳ ನಡುವೆ ನಾನು ಫೆವಿಕಾಲ್ ಮರೀನ್ ಹಾಕುತ್ತೇನೆ, ತೀರಾ ತೆಳುವಾಗಿ. ಅಲ್ಲಿ ಅಂಟು ದಪ್ಪವಾದರೆ ಉಜ್ಜುವಾಗ ಕಾರ್ಕ್ ಸವೆಯುತ್ತದೆ, ಗಟ್ಟಿ ಅಂಟು ಸವೆಯುವುದಿಲ್ಲ. ಆಮೇಲೆ ಬಳೆ ತೊಡಿಸಿದ ಹಾಗೆ ಸಾಲಾಗಿ ಏಣು ಏಳುತ್ತದೆ. ಮೇಲೂ ಕೆಳಗೂ ಹಲಗೆ ಕೊಟ್ಟು, ಎರಡು ಉದ್ದನೆ ಬೋಲ್ಟ್‌ನಿಂದ ಬಿಗಿ ಮಾಡಿ ಇಡಿ. ಮಳೆಗಾಲದ ಗೋವಾದಲ್ಲಿ ಒಂದು ರಾತ್ರಿಗೆ ಮುಗಿಸಬೇಡಿ, ಎರಡು ದಿನ ಸುಮ್ನೆ ಬಿಡಿ.

ರೀಲ್ ಕೂರಿಸುವ ಕೊಳವೆಗೆ ರೀಲ್ ಸೀಟ್ ಅನ್ನುತ್ತಾರೆ, ಅದಕ್ಕೂ ಬ್ಲ್ಯಾಂಕಿಗೂ ನಡುವಿನ ಖಾಲಿಗೆ ಫೋಮ್ ಆರ್ಬರ್, ಅಂದರೆ ಫೋಮಿನ ಬಳೆ, ಸಾಕು. ಅದರಲ್ಲಿ ಹೇಳುವಂಥದ್ದೇನಿಲ್ಲ.

ಲೇತ್ ನನ್ನ ಹತ್ತಿರ ಇಲ್ಲ. ಬ್ಲ್ಯಾಂಕಿನ ಬುಡಕ್ಕೆ ಟೇಪ್ ಸುತ್ತಿ ಮೇಜಿಗೆ ಬಿಗಿದ ಡ್ರಿಲ್‌ಗೆ ಕಚ್ಚಿಸುತ್ತೇನೆ, ಇನ್ನೊಂದು ಕಡೆ ಬಟ್ಟೆ ಹೊದಿಸಿದ ಕವೆ ಆಸರೆ. ನಿಧಾನ ವೇಗ, ಮೂಗಿಗೆ ಮಾಸ್ಕ್. 80ರಿಂದ ಆಕಾರ, 120ರಲ್ಲಿ ಸಮ, 220, ಕೊನೆಗೆ 400. ಕ್ಯಾಲಿಪರ್ ಕೈಯಲ್ಲೇ ಇರಲಿ, ಕಾರ್ಕ್ ಅಂದುಕೊಂಡದ್ದಕ್ಕಿಂತ ಬೇಗ ಸವೆಯುತ್ತದೆ. ಆ ಪುಡಿ ಎಸೆಯಬೇಡಿ. ಅಂಟಿನಲ್ಲಿ ಕಲಸಿ ಸಣ್ಣ ಗುಂಡಿಗಳಿಗೆ ಮೆತ್ತಿ, ಒಣಗಿದ ಮೇಲೆ 400ರಲ್ಲಿ ಒಮ್ಮೆ ಎಳೆದರೆ ಆಯಿತು. ದೊಡ್ಡ ಗುಂಡಿಗೆ ಮೆತ್ತಿದ್ದು ಉದುರಿ ಹೋಗುತ್ತದೆ, ಅದಕ್ಕೇ ಮೊದಲೇ ಬಿಲ್ಲೆ ಆರಿಸಿ ಅಂದದ್ದು. ವಾರ್ನಿಷ್ ಬಳಿಯಬೇಡಿ. ಹೊಳಪಿನ ಆಸೆಗೆ ಜಾರದ ಗುಣವನ್ನೇ ಕೊಂದ ಹಾಗೆ. ಸಿಗಡಿ ಕೈಯಿಂದ ಕಪ್ಪಾದರೆ ಪಾತ್ರೆ ತೊಳೆಯುವ ಸೋಪು, ಮೆತ್ತನೆ ಸ್ಪಾಂಜ್, ಸಾಕು.

ಹಿಡಿಕೆ ಮುಗಿದಿದೆ, ಗೈಡ್, ಅಂದರೆ ಗಾಳದ ದಾರ ಹಾಯುವ ಉಂಗುರ, ಕಟ್ಟುವುದು ಬಾಕಿ. ಅದನ್ನು ಕಟ್ಟುವ ದಾರ ಕಪ್ಪು ಇರಲಿ ಅಂತ ನಾನು, ಗಿಣಿ ಹಸಿರೇ ಬೇಕು ಅಂತ ಕಾಕಾ. ಹಸಿರು ದಾರಕ್ಕೆ ಆರ್ಡರ್ ಹಾಕಿದ್ದೇನೆ.