ಫೀಸ್ ಪಟ್ಟಿಯ ಎರಡನೇ ಪುಟ

ಇವರಿಗೆ ಹೊರದೇಶಕ್ಕೆ ವರ್ಗವಾದಾಗ ವೀಸಾ, ಟಿಕೆಟ್, ಸಾಮಾನು ಸಾಗಣೆ ಎಲ್ಲವನ್ನೂ ಕಂಪನಿಯೇ ನೋಡಿಕೊಂಡಿತು. ಮಕ್ಕಳ ಶಾಲೆಯ ಖರ್ಚು ಮಾತ್ರ ನಮ್ಮ ತಲೆಯ ಮೇಲೆ. ದೊಡ್ಡವಳಿಗೆ 13, ಚಿಕ್ಕವನಿಗೆ 6. ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಫೀಸೇ ಇಲ್ಲ, ಪಾಠವೂ ಚೆನ್ನಾಗಿದೆ ಎಂದು ಕೇಳಿದ್ದೆವು. ಆದರೆ ಕಲಿಸುವುದೆಲ್ಲ ಆ ದೇಶದ ಭಾಷೆಯಲ್ಲಿ. ಚಿಕ್ಕವನೊಬ್ಬನೇ ಆಗಿದ್ದರೆ ನಾನು ಕಣ್ಣು ಮುಚ್ಚಿ ಅಲ್ಲಿಗೇ ಸೇರಿಸುತ್ತಿದ್ದೆ. ಆ ವಯಸ್ಸಿನಲ್ಲಿ ಮಕ್ಕಳು ಆಟ ಆಡುತ್ತಲೇ ಭಾಷೆ ಕಲಿಯುತ್ತಾರೆ. ದೊಡ್ಡವಳಿಗೆ ಅಷ್ಟು ಸಮಯವಿರಲಿಲ್ಲ. ಹೊಸ ಭಾಷೆ ಕಲಿತು, ಅದರಲ್ಲೇ ವಿಜ್ಞಾನ ಬರೆಯುವಷ್ಟರಲ್ಲಿ ಬೋರ್ಡ್ ಪರೀಕ್ಷೆ ಬಂದುಬಿಡುತ್ತದೆ. ಹಾಗಾಗಿ ಇಂಟರ್‌ನ್ಯಾಷನಲ್ ಶಾಲೆಯೇ ಬೇಕಾಯಿತು, ಅದೂ ನಮ್ಮ ಕೈಗೆ ಎಟುಕುವಂಥದ್ದು.

ಹೊರಡುವ ಮೊದಲೇ ಒಂದು ಕೆಲಸ ಮಾಡಿದ್ದೆ. ಬೋರ್ಡಿನ ಮೇಲೆ 'ಇಂಟರ್‌ನ್ಯಾಷನಲ್' ಎಂದು ಬರೆದುಕೊಳ್ಳಲು ಎಷ್ಟೋ ಕಡೆ ಯಾರ ಅಪ್ಪಣೆಯೂ ಬೇಕಿಲ್ಲ. ಹಾಗಾಗಿ ನಮ್ಮ ಪಟ್ಟಿಯಲ್ಲಿದ್ದ ಒಂದೊಂದೇ ಶಾಲೆಯ ಹೆಸರನ್ನು ಇಂಥ ಶಾಲೆಗಳಿಗೆ ಪಠ್ಯಕ್ರಮ ಮತ್ತು ಮಾನ್ಯತೆ ಕೊಡುವ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್) ಮತ್ತು ಕೇಂಬ್ರಿಡ್ಜ್ ಸಂಸ್ಥೆಗಳ ವೆಬ್‌ಸೈಟಿನಲ್ಲಿ ಹುಡುಕಿದೆ. ಎಲ್ಲಕ್ಕಿಂತ ಅಗ್ಗದ ಶಾಲೆ ಎರಡರಲ್ಲೂ ಸಿಗಲಿಲ್ಲ. ಇನ್ನೊಂದು ಐಬಿಯ 'ಕ್ಯಾಂಡಿಡೇಟ್' ಶಾಲೆ, ಅಂದರೆ ಅರ್ಜಿ ಹಾಕಿ ಮಾನ್ಯತೆಗಾಗಿ ಕಾಯುತ್ತಿರುವ ಶಾಲೆ. ಮಾನ್ಯತೆ ಸಿಕ್ಕೇ ಸಿಗುತ್ತದೆ ಎಂದು ಯಾರೂ ಬರೆದುಕೊಡುವುದಿಲ್ಲ. ಎರಡನ್ನೂ ಬಿಟ್ಟೆವು. ಕೊನೆಗೆ ಉಳಿದವು ಎರಡೇ ಶಾಲೆ. ಮನೆ ನೋಡಲು ಹೋದಾಗ ಒಂದೇ ದಿನ ಎರಡಕ್ಕೂ ಹೋಗಿ ಬಂದೆವು.

ಬೆಳಿಗ್ಗೆ ನೋಡಿದ್ದು ದೊಡ್ಡ ಶಾಲೆ. ಈಜುಕೊಳ, ನಾಟಕಕ್ಕೆ ಬೇರೆ ಸಭಾಂಗಣ, ಹಸಿರು ಮೈದಾನ. ಐಬಿಯ ಮೂರೂ ಹಂತಗಳಿದ್ದವು: ಚಿಕ್ಕ ಮಕ್ಕಳಿಗೆ ಪಿವೈಪಿ, ನಂತರ ಎಂವೈಪಿ, ಕೊನೆಯ ಎರಡು ವರ್ಷ ಡಿಪ್ಲೊಮಾ. ಚಿಕ್ಕವನಂತೂ ಕೊಳದ ದಡ ಬಿಟ್ಟು ಬರಲೇ ಒಲ್ಲೆ ಎಂದ. ಅಡ್ಮಿಷನ್ ವಿಭಾಗದವರು ನಗುತ್ತಾ ಫೀಸ್ ಪಟ್ಟಿ ಕೈಗಿತ್ತರು. ಮೊದಲ ಪುಟದಲ್ಲಿ ಟ್ಯೂಷನ್ ಫೀಸ್ ಮಾತ್ರ. ಹೇಗೋ ನಿಭಾಯಿಸಬಹುದು ಅನ್ನಿಸಿತು.

ಎರಡನೇ ಪುಟ ತಿರುಗಿಸಿದಾಗಲೇ ವಿಷಯ ಗೊತ್ತಾಗಿದ್ದು. ಅರ್ಜಿ ಶುಲ್ಕ: ಸೀಟು ಸಿಗದಿದ್ದರೂ ವಾಪಸ್ಸಿಲ್ಲ. ಪ್ರವೇಶ ಶುಲ್ಕ: ಇಬ್ಬರಿಗೂ ಬೇರೆಬೇರೆ. ಅದರ ಕೆಳಗೆ 'ಕ್ಯಾಪಿಟಲ್ ಲೆವಿ', ಅಂದರೆ ಕಟ್ಟಡ ಮತ್ತು ಸೌಲಭ್ಯಗಳಿಗೆಂದು ವಸೂಲು ಮಾಡುವ ಹಣ. ಕೆಲವು ಶಾಲೆಗಳು ಇದನ್ನು ಒಂದೇ ಸಲ ತೆಗೆದುಕೊಳ್ಳುತ್ತವೆ, ಇಲ್ಲಿ ಪ್ರತಿ ವರ್ಷ. ಬಸ್ಸು, ಊಟ, ಸಮವಸ್ತ್ರ, ಲ್ಯಾಪ್‌ಟಾಪ್, ಕ್ಯಾಂಪು ಎಲ್ಲವೂ ಪ್ರತ್ಯೇಕ. ಡಿಪ್ಲೊಮಾ ಪರೀಕ್ಷೆಯ ಶುಲ್ಕವೂ ಪ್ರತ್ಯೇಕ. ಇಂಗ್ಲಿಷಿನಲ್ಲಿ ಸ್ವಲ್ಪ ಹಿಂದಿರುವ ಮಕ್ಕಳಿಗೆ ಕೊಡುವ ವಿಶೇಷ ಪಾಠಕ್ಕೂ ಹಣ. ತರಗತಿ ಮೇಲೇರಿದಂತೆ ಟ್ಯೂಷನ್ ಫೀಸೂ ಏರುತ್ತಿತ್ತು. ಒಡಹುಟ್ಟಿದವರಿಗೆ ರಿಯಾಯಿತಿ ಇತ್ತು ನಿಜ, ಆದರೆ ಎರಡನೇ ಮಗುವಿಗೆ ಮಾತ್ರ, ಅದೂ ಟ್ಯೂಷನ್ ಫೀಸಿನಲ್ಲಿ ಮಾತ್ರ. ನಮ್ಮಲ್ಲಿ ಎರಡನೆಯವನು ಚಿಕ್ಕ ತರಗತಿಯವನಲ್ವಾ, ಕಡಿಮೆ ಫೀಸಿನ ಮೇಲೆ ಸಿಗುವ ರಿಯಾಯಿತಿಯೂ ಕಡಿಮೆಯೇ.

ಇವರು ಗೇಟಿನ ಹತ್ತಿರದ ಬೆಂಚಿನ ಮೇಲೆ ಕೂತು ಫೋನಿನಲ್ಲೇ ಲೆಕ್ಕ ಹಾಕಿದರು. ಈ ವರ್ಷದ್ದಲ್ಲ, ದೊಡ್ಡವಳು ಶಾಲೆ ಮುಗಿಸುವವರೆಗಿನದು. ಹೊಸ ಊರಿಗೆ ಹೋಗುವ ಯಾರಿಗೇ ಆಗಲಿ ನಾನು ಮೊದಲು ಹೇಳುವುದು ಇದನ್ನೇ. ಮೊದಲ ವರ್ಷ ಹೇಗೋ ಕಟ್ಟಿಬಿಡುತ್ತೇವೆ, ಉಳಿತಾಯ ಇರುತ್ತದೆ, ಉತ್ಸಾಹ ಇರುತ್ತದೆ. ನಡುವಿನಲ್ಲಿ ಆಗದೆ ಬಿಡಿಸಿದರೆ ಪೆಟ್ಟು ತಿನ್ನುವುದು ಮಗು. ಡಿಪ್ಲೊಮಾ ಎರಡು ವರ್ಷದ ಓದು, ಕೇಂಬ್ರಿಡ್ಜ್‌ನವರ ಹತ್ತನೇ ತರಗತಿ ಮಟ್ಟದ ಐಜಿಸಿಎಸ್‌ಇಯನ್ನೂ ಸಾಮಾನ್ಯವಾಗಿ ಎರಡು ವರ್ಷ ಓದುತ್ತಾರೆ. ಒಂದು ವರ್ಷ ಮುಗಿಸಿ ಬಂದವರನ್ನು ಅರ್ಧದಲ್ಲಿ ಸೇರಿಸಿಕೊಳ್ಳಲು ಹೊಸ ಶಾಲೆಗಳು ಹಿಂದೆಮುಂದೆ ನೋಡುತ್ತವೆ. 14ರಿಂದ 18ರವರೆಗಿನ ವಯಸ್ಸು ಶಾಲೆ ಬದಲಿಸುವ ಕಾಲವೇ ಅಲ್ಲ.

ಮಧ್ಯಾಹ್ನದ ಶಾಲೆ ಹಳೆಯ ಕಟ್ಟಡದಲ್ಲಿತ್ತು. ಈಜುಕೊಳ ಇಲ್ಲ. ಆಟಕ್ಕೆ ಪಕ್ಕದ ಸಾರ್ವಜನಿಕ ಮೈದಾನ. ಕೇಂಬ್ರಿಡ್ಜ್ ಪಠ್ಯಕ್ರಮ, ಐಜಿಸಿಎಸ್‌ಇ ಮುಗಿಸಿ ಎ ಲೆವೆಲ್‌ವರೆಗೂ, ಅಂದರೆ ನಮ್ಮ ಪಿಯುಸಿ ಮಟ್ಟದವರೆಗೂ ಇತ್ತು. ಮುಖ್ಯೋಪಾಧ್ಯಾಯರೇ ಸುತ್ತಾಡಿಸಿದರು. ಬೆಳಿಗ್ಗೆಯ ಶಾಲೆಯಲ್ಲಿ ಕೇಳಿದ್ದ ಪ್ರಶ್ನೆಯನ್ನೇ ಇಲ್ಲೂ ಕೇಳಿದೆ: "ಕಳೆದ ವರ್ಷ ಎಷ್ಟು ಜನ ಟೀಚರುಗಳು ಬಿಟ್ಟು ಹೋದರು?" ಬೆಳಿಗ್ಗೆ ಇದಕ್ಕೆ ಉತ್ತರದ ಬದಲು ಹೊಸ ಸಿಬ್ಬಂದಿಯ ಪದವಿಗಳ ವಿವರ ಸಿಕ್ಕಿತ್ತು. ಈ ಮುಖ್ಯೋಪಾಧ್ಯಾಯರು ನಿಂತು, ಬೆರಳು ಮಡಚಿ ಎಣಿಸಿ, ಯಾರು ಯಾಕೆ ಹೋದರು ಎಂದು ಹೇಳಿದರು. ಗಣಿತಕ್ಕೆ ಇನ್ನೂ ಒಬ್ಬರನ್ನು ಹುಡುಕುತ್ತಿದ್ದೇವೆ ಎಂದೂ ಒಪ್ಪಿಕೊಂಡರು. ನನಗೆ ಆ ಮಾತಿನಿಂದಲೇ ನಂಬಿಕೆ ಬಂತು.

ಲೈಬ್ರರಿಯಲ್ಲಿ ಒಂದು ಚಿಕ್ಕ ಘಟನೆ. ದೊಡ್ಡವಳು ಬೆಳಿಗ್ಗೆಯಿಂದ ಬಾಯಿ ಬಿಟ್ಟಿರಲಿಲ್ಲ. ಅವಳಿಗೆ ಊರು ಬಿಡುವುದೇ ಇಷ್ಟವಿರಲಿಲ್ಲ. ಲೈಬ್ರರಿಯನ್ ನಮ್ಮನ್ನು ಬಿಟ್ಟು ನೇರವಾಗಿ ಅವಳನ್ನೇ ಕೇಳಿದರು, ಈಗ ಏನು ಓದುತ್ತಿದ್ದೀಯ ಅಂತ. ಅವಳು ಮೆಲ್ಲಗೆ ಏನೋ ಹೇಳಿದಳು. ಅವರು ಹೋಗಿ ಅದೇ ಸರಣಿಯ ಮುಂದಿನ ಪುಸ್ತಕ ತಂದು ಕೈಗಿಟ್ಟು, ಮಾತಾಡೋಣ ಕೂತ್ಕೋ ಎಂದರು. ನಾವು ತರಗತಿಗಳನ್ನು ನೋಡಿ ವಾಪಸ್ ಬಂದಾಗಲೂ ಇಬ್ಬರೂ ಮಾತಾಡುತ್ತಲೇ ಇದ್ದರು. "ಅಮ್ಮಾ, ಇನ್ನೂ ಸ್ವಲ್ಪ ಹೊತ್ತು ಇರೋಣ" ಅಂದಳು.

ತರಗತಿಯ ಲೆಕ್ಕ ಮಾತ್ರ ಕೊಂಚ ಗೊಂದಲ ಮಾಡಿತು. ಬ್ರಿಟಿಷ್ ಪದ್ಧತಿಯ ಇಯರ್ 2ರಲ್ಲಿ ಇರುವುದು ಬೇರೆ ಕಡೆ ಒಂದನೇ ತರಗತಿಗೆ ಹೋಗುವ ವಯಸ್ಸಿನ ಮಕ್ಕಳೇ. ಚಿಕ್ಕವನಿಗೆ ಇಯರ್ 2 ಎಂದಾಗ ಒಂದು ತರಗತಿ ಹಾರಿಸುತ್ತಿದ್ದಾರೆ ಎಂದು ಇವರು ಗಾಬರಿಯಾದರು. ದೊಡ್ಡವಳು ಇಯರ್ 9. ಐಜಿಸಿಎಸ್‌ಇ ಓದು ಇಯರ್ 10ರಿಂದ, ಹಾಗಾಗಿ ಹೊಂದಿಕೊಳ್ಳಲು ಅವಳಿಗೆ ಪೂರ್ತಿ ಒಂದು ವರ್ಷ.

ಇಲ್ಲಿನ ಫೀಸ್ ಪಟ್ಟಿಗೂ ಎರಡನೇ ಪುಟ ಇತ್ತು, ಆದರೆ ಚಿಕ್ಕದು. ಕ್ಯಾಪಿಟಲ್ ಲೆವಿ ಇರಲಿಲ್ಲ, ವಾಪಸ್ ಬರುವ ಠೇವಣಿ ಇತ್ತು. ಬಿಡುವಾಗ ಒಂದು ಟರ್ಮ್ ಮೊದಲೇ ಲಿಖಿತವಾಗಿ ತಿಳಿಸದಿದ್ದರೆ ಆ ಠೇವಣಿ ಹೋಗುತ್ತದೆ ಎಂಬ ಷರತ್ತನ್ನು ಇವರು ಗಟ್ಟಿಯಾಗಿ ಓದಿದರು. ಇಂಥ ಷರತ್ತು ಬಹಳ ಶಾಲೆಗಳಲ್ಲಿರುತ್ತದೆ. ವರ್ಗಾವಣೆಯ ನೌಕರಿಯವರಿಗೆ ಅಷ್ಟು ಮೊದಲು ಹೇಗೆ ಗೊತ್ತಾಗಬೇಕು? ಕೇಳಿದೆವು. ಕಂಪನಿಯಿಂದ ವರ್ಗಾವಣೆ ಪತ್ರ ತಂದರೆ ವಿನಾಯಿತಿ ಕೊಡುತ್ತೇವೆ ಎಂದರು. ಬಾಯಿಮಾತು ಬೇಡ, ಇಮೇಲಿನಲ್ಲಿ ಬರೆದು ಕಳಿಸಿ ಎಂದೆ, ಕಳಿಸಿದರು. ವರ್ಷದ ಫೀಸನ್ನು ಮೂರು ಕಂತಿನಲ್ಲಿ ಕಟ್ಟಲೂ ಒಪ್ಪಿದರು. ಠೇವಣಿಯ ವಿಷಯದಲ್ಲಿ ಕಂಪನಿಯವರನ್ನು ಕೇಳಿದೆವು: ವಾಪಸ್ ಬರುವ ಹಣ ತಾನೇ, ನೀವೇ ಕಟ್ಟಿಡಿ ಎಂದು. ಫೀಸ್ ಕೊಡಲು ಒಪ್ಪದ ಕಂಪನಿ ಇದಕ್ಕೆ ಒಪ್ಪಿತು. ಬಾಯಿ ಬಿಟ್ಟು ಕೇಳದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ.

ಮಧ್ಯಾಹ್ನದ ಶಾಲೆಗೇ ಸೇರಿಸುವುದೆಂದು ತೀರ್ಮಾನಿಸಿದೆವು. ಈಜುಕೊಳದ ವಿಷಯಕ್ಕೆ ಚಿಕ್ಕವನು ರಾತ್ರಿ ಅತ್ತ. ಅವನ ದುಃಖ ಸುಳ್ಳಲ್ಲ. ವಾರಕ್ಕೊಮ್ಮೆ ಸಾರ್ವಜನಿಕ ಕೊಳಕ್ಕೆ ಕರೆದೊಯ್ಯುತ್ತೇನೆ ಎಂದು ಅವನಪ್ಪ ಮಾತು ಕೊಟ್ಟಿದ್ದಾರೆ. ಈಗ ನನ್ನ ಮುಂದಿರುವುದು ಕಾಗದಪತ್ರದ ಕೆಲಸ: ಇಬ್ಬರದೂ ಹಿಂದಿನ ಎರಡು ವರ್ಷದ ಅಂಕಪಟ್ಟಿ, ಶಾಲೆಯ ವರ್ಗಾವಣೆ ಪತ್ರ (ಟಿಸಿ), ಲಸಿಕೆಯ ದಾಖಲೆ. ಹಳೆಯ ಶಾಲೆಯ ಕಚೇರಿ ರಜೆಗೆ ಮುಚ್ಚುವ ಮೊದಲು ಎಲ್ಲವನ್ನೂ ತೆಗೆದುಕೊಳ್ಳಬೇಕು.