ಒಣಕೊಂಬೆಯ ದುಂಬಿ

ಮಾರ್ಚ್ 9, 2024, ಶನಿವಾರ

ಬೆಳಿಗ್ಗೆ ಒಂದು ಒಣಕೊಂಬೆಯ ಕೆಳಗೆ ಮರದ ಪುಡಿ ಚೆಲ್ಲಿತ್ತು. ತಲೆ ಎತ್ತಿದರೆ ಕಿರುಬೆರಳು ತೂರುವಷ್ಟು ತೂತು, ಬೈರಿಗೆಯಲ್ಲಿ ಕೊರೆದಷ್ಟು ದುಂಡಗೆ. ಹತ್ತಿರ ಕಿವಿಯಿಟ್ಟೆ. ಒಳಗೆ ಕರಕರ ಸದ್ದು! ಸ್ವಲ್ಪ ಹೊತ್ತಿಗೆ ಕಪ್ಪು ದುಂಬಿಯೊಂದು ಹಿಂದಕ್ಕೇ ನಡೆದು ಬಂದು ಪುಡಿಯನ್ನು ಹೊರಗೆ ತಳ್ಳಿ, ಮತ್ತೆ ಒಳಗೆ ಹೋಯಿತು. ಬಡಗಿ ದುಂಬಿ! ಇದು ಮರ ತಿನ್ನುವುದಿಲ್ಲ, ಮೊಟ್ಟೆ ಇಡುವ ಕೋಣೆಗಾಗಿ ಕೊರೆಯುತ್ತದೆ ಅಷ್ಟೇ.

ದೊಡ್ಡದಾಗಿ, ಕಪ್ಪಗೆ ಗುಂಯ್‌ಗುಡುವುದೆಲ್ಲ ಇದೇ ಅಲ್ಲ. ಬಂಬಲ್ ಬೀ ಅನ್ನುವ ಇನ್ನೊಂದು ಬಗೆಯ ದುಂಬಿಯೂ ಸುಮಾರು ಹೀಗೇ ಕಾಣುತ್ತದೆ. ನಾನು ಮೊದಲು ನೋಡುವುದು ಹೊಟ್ಟೆಯ ಮೇಲ್ಭಾಗ. ಬಂಬಲ್ ಬೀಗೆ ಅಲ್ಲೂ ದಟ್ಟ ರೋಮ. ಇದಕ್ಕೆ ಹೆಚ್ಚುಕಡಿಮೆ ಬೋಳು, ಎಣ್ಣೆ ಹಚ್ಚಿದ ಹಾಗೆ ಮಿರಮಿರ. ಹೊರಗೆ ಬಂದು ಬಿಸಿಲಿಗೆ ತಿರುಗಿದಾಗ ಕಪ್ಪು ರೆಕ್ಕೆಯ ಮೇಲೆ ನೀಲಿ, ನೇರಳೆ ಓಡಾಡಿತು. ಎಷ್ಟು ಸಲ ನೋಡಿದರೂ ಸಾಲದು.

ಹತ್ತು ಗಂಟೆ ಹೊತ್ತಿಗೆ ಇನ್ನೊಂದು ಬಂತು. ಮೈಯೆಲ್ಲ ಹೊನ್ನಿನ ಬಣ್ಣ. ತೂತಿನ ಮುಂದೆ ಗಾಳಿಯಲ್ಲೇ ನಿಂತಿತು, ನನ್ನ ಮುಖದವರೆಗೂ ನುಗ್ಗಿತು, ಹಿಂದೆ ಸರಿಯಿತು. ಹೋದ ವರ್ಷ ಇಂಥದ್ದನ್ನೇ ಬೇರೆ ಜಾತಿ ಅಂತ ಬರೆದಿಟ್ಟಿದ್ದೆ. ಇವತ್ತು ಫೋಟೋ ದೊಡ್ಡದು ಮಾಡಿ ಮೀಸೆಯ ಗಂಟುಗಳನ್ನು ಎಣಿಸಿದೆ. 13! ಹೆಣ್ಣಿಗೆ 12 ಇರುತ್ತವೆ. ಅಂದರೆ ಇದು ಗಂಡು. ಕೆಲವು ಜಾತಿಗಳಲ್ಲಿ ಹೆಣ್ಣು ಕಪ್ಪು, ಗಂಡು ಬಂಗಾರದ ಬಣ್ಣ. ಎಷ್ಟೇ ಮೇಲೆ ಬಿದ್ದರೂ ಗಂಡಿಗೆ ಹೆದರಬೇಕಿಲ್ಲ, ಅದಕ್ಕೆ ಕೊಂಡಿಯೇ ಇಲ್ಲ. ಹಳೆಯ ಪುಟ ತಿದ್ದಿದೆ.

ಜಗತ್ತಿನಲ್ಲಿ ಬಡಗಿ ದುಂಬಿಗಳ ಜಾತಿ ಸುಮಾರು 400 ಇವೆ. ಬೆನ್ನಿನ ಒಂದೇ ಫೋಟೋ ನೋಡಿ ಜಾತಿಯ ಹೆಸರು ಹೇಳಿಬಿಡುವುದು ಸರಿಯಲ್ಲ ಅನ್ನಿಸುತ್ತದೆ. ಮುಖ ಬೇಕು, ಪಕ್ಕದ ನೋಟ ಬೇಕು, ಹಿಂಗಾಲು ಬೇಕು. ಹೆಣ್ಣಿನ ಹಿಂಗಾಲಲ್ಲಿ ಪರಾಗ ಹಿಡಿಯುವ ಒತ್ತಾದ ರೋಮ ಇರುತ್ತದೆ. ಬಂಬಲ್ ಬೀಗಾದರೆ ಅಲ್ಲಿ ನುಣುಪಾದ ಪುಟ್ಟ ಬುಟ್ಟಿ. ಇಷ್ಟೆಲ್ಲ ಇದ್ದೂ ಜಾತಿ ತಿಳಿಯದಿದ್ದರೆ ‘ಕ್ಸೈಲೊಕೋಪ’ ಅಂತ ಬಡಗಿ ದುಂಬಿಗಳ ಕುಲದ ಹೆಸರನ್ನಷ್ಟೇ ಬರೆಯುತ್ತೇನೆ. ಗ್ರೀಕಿನಲ್ಲಿ ಮರ ಕಡಿಯುವವನು ಅಂತ ಅರ್ಥ.

ಕತ್ತಲಾಗುವಾಗ ಮತ್ತೆ ಹೋದೆ. ಟಾರ್ಚಿನ ಬೆಳಕಿಗೆ ತೂತು ಕಾಣಲೇ ಇಲ್ಲ. ಹೆಣ್ಣು ತನ್ನ ಹೊಟ್ಟೆಯನ್ನೇ ಬಾಗಿಲಿಗೆ ಒತ್ತಿ ಕೂತಿತ್ತು, ಕಪ್ಪಗೆ ಹೊಳೆಯುತ್ತ.