ರೋಗಿಗಳ ಮನೆಗೆ ಪರಮಪ್ರಸಾದ: ಎಣಿಕೆಯಿಂದ ಪಿಕ್ಸ್ ತೊಳೆಯುವವರೆಗೆ

ತಿಂಗಳ ಮೊದಲ ಶುಕ್ರವಾರ ಬೆಳಗಿನ ಬಲಿಪೂಜೆ ಮುಗಿದ ಮೇಲೆ ಸಕ್ರಿಸ್ತಿಯಲ್ಲಿ, ಅಂದರೆ ದೇವಾಲಯದ ಪೂಜಾಸಾಮಗ್ರಿ ಇಡುವ ಕೋಣೆಯಲ್ಲಿ, ಒಂದು ಎಣಿಕೆ ನಡೆಯುತ್ತದೆ. ಇವತ್ತು ಎಷ್ಟು ಮನೆ, ಎಷ್ಟು ಪ್ರಸಾದ? ಯೇಸುಸ್ವಾಮಿಯ ಪವಿತ್ರ ಹೃದಯದ ಭಕ್ತಿಗೆ ಮೀಸಲಾದ ದಿನವಾದ್ದರಿಂದ ನಮ್ಮ ಎಷ್ಟೋ ಧರ್ಮಕೇಂದ್ರಗಳಲ್ಲಿ ಹಾಸಿಗೆ ಹಿಡಿದವರಿಗೆ ಮನೆಗೇ ಪರಮಪ್ರಸಾದ (ಪೂಜೆಯಲ್ಲಿ ಕ್ರಿಸ್ತರ ಶರೀರವಾಗಿ ಅರ್ಪಿಸಿದ ರೊಟ್ಟಿ) ಒಯ್ಯುವುದೂ ಅದೇ ದಿನಕ್ಕೆ ಗಂಟುಬಿದ್ದಿದೆ. ತಿಂಗಳಿಗೆ ಒಂದೇ ಸಲ ಸಾಕು ಎಂಬ ನಿಯಮವೇನೂ ಇಲ್ಲ. ಜನ ಇದ್ದ ಕಡೆ ಪ್ರತಿ ಭಾನುವಾರ ಒಯ್ಯುವುದೇ ಒಳ್ಳೆಯದು.

ಎಣಿಕೆ ಮೊದಲು ತಪ್ಪುವುದು ಇಲ್ಲೇ: ರೋಗಿಗಳನ್ನು ಮಾತ್ರ ಲೆಕ್ಕ ಹಾಕುತ್ತೇವೆ. ಅತ್ತೆಯನ್ನು ನೋಡಿಕೊಳ್ಳುವ ಸೊಸೆ ಆರು ತಿಂಗಳಿಂದ ಭಾನುವಾರದ ಪೂಜೆಗೆ ಬಂದಿರುವುದಿಲ್ಲ. ಅವರಿಗೂ ಅದೇ ಹೊತ್ತಿನಲ್ಲಿ ಪ್ರಸಾದ ಕೊಡಬಹುದು, ಕೊಡಬೇಕು. ಹಿಂದಿನ ದಿನ ಸಂಜೆ ಪ್ರತಿ ಮನೆಗೆ ಫೋನ್ ಮಾಡಿ "ನಾಳೆ ಎಷ್ಟು ಜನ ಸ್ವೀಕರಿಸ್ತೀರಿ?" ಎಂದು ಕೇಳಿ ಬರೆದುಕೊಂಡರೆ ಮುಗಿಯಿತು. ಅದೇ ಫೋನಿನಲ್ಲಿ ಇನ್ನೂ ಮೂರು ವಿಷಯ ಕೇಳಬೇಕು: ಇವತ್ತು ನುಂಗಲು ಆಗುತ್ತಿದೆಯೇ, ನಾಳೆ ಡಯಾಲಿಸಿಸ್ ಇದೆಯೇ, ಸ್ನಾನ ಎಷ್ಟು ಹೊತ್ತಿಗೆ. ಸ್ನಾನ ಮಾಡಿಸುತ್ತಿರುವಾಗ ಬಾಗಿಲು ತಟ್ಟಿದರೆ ಮನೆಯವರಿಗೂ ಗಾಬರಿ, ರೋಗಿಗೂ ಮುಜುಗರ.

ಒಂದು ಮನೆಗೆ ಹದಿನೈದರಿಂದ ಇಪ್ಪತ್ತು ನಿಮಿಷ ಬೇಕೇ ಬೇಕು. ಒಬ್ಬರು ಒಂದು ಬೆಳಿಗ್ಗೆ ಐದಾರು ಮನೆಗಿಂತ ಹೆಚ್ಚು ಒಪ್ಪಿಕೊಂಡರೆ ಕೊನೆಯ ಎರಡು ಮನೆಗಳಲ್ಲಿ ಓಟವೇ ಆಗುತ್ತದೆ. ಅಂಚೆ ಹಂಚಿದ ಹಾಗೆ ಪ್ರಸಾದ ಹಂಚಿ ಬರುವುದಕ್ಕಿಂತ ಇನ್ನೊಬ್ಬ ವಿತರಕರನ್ನು ತಯಾರು ಮಾಡುವುದು ಮೇಲು. ಜನಸಾಮಾನ್ಯರು ಪರಮಪ್ರಸಾದ ವಿತರಿಸಲು ರೋಮ್ (ಕ್ಯಾಥೊಲಿಕ್ ಧರ್ಮಸಭೆಯ ಕೇಂದ್ರ) ವಿಶಾಲವಾಗಿ ದಾರಿ ಮಾಡಿಕೊಟ್ಟದ್ದು 1973ರಲ್ಲಿ. ನಮ್ಮಲ್ಲಿ ಅವರನ್ನು ಯೂಕರಿಸ್ಟಿಕ್ ಮಿನಿಸ್ಟರ್ ಅಂತಲೇ ಕರೆಯುವುದು ಹೆಚ್ಚು. ಫಾದರ್‌ಗೆ ಪುರಸೊತ್ತಿಲ್ಲ ಎಂಬ ಕಾರಣಕ್ಕೆ ಯಾವ ರೋಗಿಯೂ ತಿಂಗಳುಗಟ್ಟಲೆ ಕಾಯಬೇಕಾಗಿಲ್ಲ.

ಒಯ್ಯುವ ಡಬ್ಬಿ ಪಿಕ್ಸ್. ಒಳಗೆ ಚಿನ್ನದ ಲೇಪ ಇರುವ ಚಿಕ್ಕ ಲೋಹದ ಡಬ್ಬಿ, ಅಂಗೈಯೊಳಗೆ ಹಿಡಿಸುತ್ತದೆ. ಮುಚ್ಚಳದ ಕೀಲು ಸಡಿಲವಾಗಿದ್ದರೆ ಅದನ್ನು ಬಳಸಲೇಬೇಡಿ. ಸ್ಕೂಟರ್ ಹಂಪ್ ಹಾರಿದಾಗ ತೆರೆದುಕೊಳ್ಳುವುದು ಅಂಥದ್ದೇ. ಪಿಕ್ಸನ್ನು ಸಣ್ಣ ಚೀಲದಲ್ಲಿಟ್ಟು ದಾರದಿಂದ ಕೊರಳಿಗೆ ಹಾಕಿ ಅಂಗಿಯ ಒಳಗೆ ಎದೆಗೆ ತಾಗುವಂತೆ ಇಟ್ಟುಕೊಳ್ಳಬೇಕು. ಸ್ಕೂಟರಿನ ಡಿಕ್ಕಿ, ಕೈಚೀಲ, ಪ್ಯಾಂಟಿನ ಜೇಬು ಇದಕ್ಕಲ್ಲ. ದೇವಾಲಯದಿಂದ ನೇರವಾಗಿ ರೋಗಿಯ ಮನೆಗೇ ಹೋಗಬೇಕು, ನಡುವೆ ಬೇರೆ ಕೆಲಸ ಇಟ್ಟುಕೊಳ್ಳಬಾರದು ಎಂದು 2004ರ ರೋಮಿನ ಸೂಚನೆ ಸ್ಪಷ್ಟವಾಗಿ ಹೇಳಿದೆ. ದಾರಿಯಲ್ಲಿ ತರಕಾರಿ, ಎಟಿಎಂ, ಟೀ ಯಾವುದೂ ಬೇಡ. ಮಧ್ಯಾಹ್ನ ಹೋದರಾಯಿತು ಎಂದು ಪ್ರಸಾದವನ್ನು ಮನೆಯಲ್ಲಿ ಇಟ್ಟುಕೊಳ್ಳುವುದೂ ಕೂಡದು.

ಮಳೆಗಾಲದಲ್ಲಿ ಇನ್ನೊಂದು ತೊಂದರೆ. ಪ್ರಸಾದ ಎಂದರೆ ಗೋಧಿ ಹಿಟ್ಟು ಮತ್ತು ನೀರು ಮಾತ್ರ ಸೇರಿಸಿ ಮಾಡಿದ ತೆಳು ರೊಟ್ಟಿ. ಕರಾವಳಿ, ಮಲೆನಾಡಿನ ತೇವಕ್ಕೆ ಬೇಗ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರಸಾದ ಪೆಟ್ಟಿಗೆಯಲ್ಲಿ ಹಳೆಯದು ಉಳಿಯದಂತೆ ಪದೇ ಪದೇ ಹೊಸದು ಇಡಬೇಕು. ಪಿಕ್ಸಿಗೆ ಹಾಕುವ ಮೊದಲು ಒಳಗೆ ಒಣಗಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಬೇಕು.

ಮನೆಯಲ್ಲಿ ಬೇಕಾದದ್ದು ಬಹಳವೇನಿಲ್ಲ. ಹಾಸಿಗೆಯ ಪಕ್ಕದಲ್ಲಿ ಒಂದು ಸಣ್ಣ ಮೇಜು ಅಥವಾ ಸ್ಟೂಲು, ಒಗೆದ ಬಿಳಿ ಬಟ್ಟೆ, ಶಿಲುಬೆ, ಎರಡು ಮೇಣದಬತ್ತಿ, ಒಂದು ಲೋಟ ನೀರು, ಒಂದು ಚಮಚ. ಮಾತ್ರೆಯ ಡಬ್ಬಿ, ಥರ್ಮಾಮೀಟರು, ಬಿಸ್ಕತ್ತಿನ ಪೊಟ್ಟಣಗಳನ್ನು ಪಕ್ಕಕ್ಕೆ ಸರಿಸಿ ಆ ಬಟ್ಟೆ ಹಾಸುವುದೇ ಮನೆಯವರ ಅರ್ಧ ಪ್ರಾರ್ಥನೆ. ವಿತರಕರು ಅದರ ಮೇಲೆ ತಾವು ತಂದ ಕಾರ್ಪೊರಲ್ (ಪ್ರಸಾದದ ಕೆಳಗೆ ಹಾಸುವ) ಬಟ್ಟೆ ಬಿಡಿಸಿ ಪಿಕ್ಸ್ ಇಡುತ್ತಾರೆ. ಟಿವಿ ಆಫ್ ಆಗಿರಲಿ.

ಮೇಣದಬತ್ತಿಯ ವಿಷಯದಲ್ಲಿ ಒಂದು ಮಾತು ಒತ್ತಿ ಹೇಳಬೇಕು. ರೋಗಿ ಆಕ್ಸಿಜನ್ ಸಿಲಿಂಡರ್ ಅಥವಾ ಕಾನ್ಸೆಂಟ್ರೇಟರ್ ಮೇಲೆ ಇದ್ದರೆ ಆ ಕೋಣೆಯಲ್ಲಿ ಬೆಂಕಿಕಡ್ಡಿ ಗೀರಲೇಬಾರದು. ಆಕ್ಸಿಜನ್ ತಾನಾಗಿ ಉರಿಯುವುದಿಲ್ಲ, ಆದರೆ ಅದು ತುಂಬಿಕೊಂಡ ಹಾಸಿಗೆ, ಹೊದಿಕೆ, ಕೂದಲಿಗೆ ಒಂದು ಕಿಡಿ ಸಾಕು. ಬತ್ತಿಯನ್ನು ಹಚ್ಚದೆ ಇಡಿ, ಇಲ್ಲವೇ ಬ್ಯಾಟರಿ ದೀಪ ಇಡಿ. ಭಕ್ತಿಗೆ ಏನೂ ಕಡಿಮೆಯಾಗುವುದಿಲ್ಲ.

ಉಪವಾಸದ ಬಗ್ಗೆ ಹಿರಿಯರಲ್ಲಿ ಈಗಲೂ ಭಯ ಇದೆ. ಸಕ್ಕರೆ ಕಾಯಿಲೆ ಇರುವ ಅಜ್ಜಿಯರು ಇನ್ಸುಲಿನ್ ಚುಚ್ಚಿಸಿಕೊಂಡು ತಿಂಡಿ ತಿನ್ನದೆ ಹನ್ನೊಂದು ಗಂಟೆವರೆಗೆ ಕಾದು ತಲೆಸುತ್ತಿ ಬೀಳುವುದು ಹೀಗೆಯೇ. ಪ್ರಸಾದಕ್ಕೆ ಮುಂಚೆ ಒಂದು ಗಂಟೆಯ ಉಪವಾಸ ಎಂಬುದು ಆರೋಗ್ಯವಂತರಿಗೆ. ವಯಸ್ಸಾದವರು, ರೋಗಿಗಳು ಮತ್ತು ಅವರನ್ನು ನೋಡಿಕೊಳ್ಳುವವರಿಗೆ ಅದು ಕಟ್ಟುವುದಿಲ್ಲ ಎಂದು 1983ರ ಧರ್ಮಸಭೆಯ ಕಾನೂನಿನ 919ನೇ ವಿಧಿಯೇ ಹೇಳುತ್ತದೆ. ನೀರು, ಔಷಧಿಯಿಂದ ಯಾರ ಉಪವಾಸವೂ ಮುರಿಯುವುದಿಲ್ಲ. ಹಿಂದಿನ ಸಂಜೆಯ ಫೋನಿನಲ್ಲೇ "ಅಜ್ಜಿ, ತಿಂಡಿ ತಿಂದು ಕೂತಿರಿ" ಎಂದು ಹೇಳಿಬಿಡಿ.

ನುಂಗುವುದು ಎಲ್ಲಕ್ಕಿಂತ ಸೂಕ್ಷ್ಮ. ಪಾರ್ಶ್ವವಾಯು ಹೊಡೆದವರಲ್ಲಿ, ಪಾರ್ಕಿನ್ಸನ್ ಇರುವವರಲ್ಲಿ ಗಂಟಲಿನ ಸ್ನಾಯುಗಳು ಸರಿಯಾಗಿ ಮಾತು ಕೇಳುವುದಿಲ್ಲ. ಒಣ ರೊಟ್ಟಿ ಅಂಗುಳಿಗೆ ಅಂಟಿಕೊಳ್ಳುತ್ತದೆ, ಕಟ್ಟುಹಲ್ಲಿನ ಸಂದಿಗೆ ಸೇರುತ್ತದೆ, ಕೆಲವೊಮ್ಮೆ ಶ್ವಾಸನಾಳದ ಕಡೆಗೆ ಜಾರುತ್ತದೆ. ಮಲಗಿದವರ ಬಾಯಿಗೆ ಪ್ರಸಾದ ಇಡಬಾರದು. ಬೆನ್ನಿಗೆ ದಿಂಬು ಕೊಟ್ಟು ಸಾಧ್ಯವಾದಷ್ಟು ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ ಬಾಗಿರಲಿ. ಇಡೀ ಪ್ರಸಾದದ ಅಗತ್ಯವಿಲ್ಲ. ಕಾಲು ಭಾಗ, ಅದೂ ಕಷ್ಟವಾದರೆ ಅಕ್ಕಿಕಾಳಿನಷ್ಟು ಚೂರು ಸಾಕು. ಆ ಚೂರಿನಲ್ಲೂ ಕ್ರಿಸ್ತರು ಪೂರ್ಣವಾಗಿಯೇ ಇದ್ದಾರೆ. ಚಮಚದಲ್ಲಿ ಸ್ವಲ್ಪ ನೀರಿಗೆ ಹಾಕಿ ಮೆತ್ತಗಾದ ಮೇಲೆ ಕೊಟ್ಟರೆ ಹೆಚ್ಚಿನವರಿಗೆ ಸುಲಭ. ಆದರೆ ತೆಳು ನೀರೇ ನೆತ್ತಿಗೆ ಹತ್ತುವ ರೋಗಿಗಳಿದ್ದಾರೆ. ವೈದ್ಯರು ಗಟ್ಟಿ ಮಾಡಿದ ದ್ರವ ಮಾತ್ರ ಕೊಡಿ ಎಂದಿದ್ದರೆ ನೀರು ಕೊಡುವ ಮುಂಚೆ ನೋಡಿಕೊಳ್ಳುವವರನ್ನು ಕೇಳಲೇಬೇಕು. ನುಂಗಿದ ಮೇಲೆ ಬಾಯಿ ತೆರೆಸಿ ಏನೂ ಉಳಿದಿಲ್ಲ ಎಂದು ನೋಡಿ, ತಕ್ಷಣ ಮಲಗಿಸಬೇಡಿ.

ಉಗುಳಿದರೆ, ಜಾರಿ ಬಿದ್ದರೆ ಗಾಬರಿ ಬೇಡ. ಪ್ಯೂರಿಫಿಕೇಟರ್ (ಪೂಜಾಪಾತ್ರೆ ಒರೆಸುವ) ಬಟ್ಟೆಯಲ್ಲಿ ತೆಗೆದುಕೊಂಡು ಒಂದು ಲೋಟ ನೀರಿಗೆ ಹಾಕಿ, ದೇವಾಲಯಕ್ಕೆ ತಂದು ಪೂರ್ತಿ ಕರಗುವವರೆಗೆ ಬಿಟ್ಟು, ನೇರವಾಗಿ ಮಣ್ಣಿಗೆ ಇಳಿಯುವ ಸಕ್ರಿಸ್ತಿಯ ತೊಟ್ಟಿಗೆ ಸುರಿಯಬೇಕು. ಆ ತೊಟ್ಟಿ ಇಲ್ಲದ ಕಡೆ ಯಾರೂ ತುಳಿಯದ ಜಾಗದ ಮಣ್ಣಿಗೆ ಹಾಕಿ. ಕಸದ ಬುಟ್ಟಿಗೂ ಅಡುಗೆಮನೆಯ ಸಿಂಕಿಗೂ ಹೋಗಬಾರದು. ರೊಟ್ಟಿಯ ಚೂರನ್ನೂ ನುಂಗಲಾಗದವರಿಗೆ ದ್ರಾಕ್ಷಾರಸದ ರೂಪದಲ್ಲಿ ಮಾತ್ರ, ಒಂದು ಹನಿಯಷ್ಟನ್ನು ಕೊಡಲು ಧರ್ಮಸಭೆ ಅನುಮತಿಸಿದೆ. ಅದನ್ನು ಗುರುಗಳ ಜೊತೆ ಮೊದಲೇ ಮಾತಾಡಿ ಏರ್ಪಾಡು ಮಾಡಬೇಕಾಗುತ್ತದೆ.

ಪ್ರಾರ್ಥನೆಯ ಕ್ರಮ ಚಿಕ್ಕದು. ಶಾಂತಿಯ ವಂದನೆ, ಪಶ್ಚಾತ್ತಾಪ, ಶುಭಸಂದೇಶದ ಕೆಲವು ಸಾಲು, ಪ್ರಭು ಕಲಿಸಿದ ಪ್ರಾರ್ಥನೆ, ಪ್ರಸಾದ, ಸ್ವಲ್ಪ ಮೌನ, ಮುಕ್ತಾಯದ ಪ್ರಾರ್ಥನೆ. ವಿತರಕರು ಗುರುಗಳಂತೆ ಕೈ ಎತ್ತಿ ಆಶೀರ್ವದಿಸುವುದಿಲ್ಲ. ದೇವರ ಆಶೀರ್ವಾದ ಬೇಡುತ್ತಾ ತಾವೂ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ. ಮೌನವನ್ನು ಮಾತ್ರ ಯಾರೂ ಕತ್ತರಿಸಬೇಡಿ. ದಿನವಿಡೀ ಗೋಡೆ ನೋಡುತ್ತಾ ಮಲಗಿದವರಿಗೆ ಆ ಎರಡು ನಿಮಿಷ ಬೇರೆಯೇ ಮೌನ.

ಬೆಂಗಳೂರಿನಂಥ ಊರಿನಲ್ಲಿ ಭಾಷೆಯನ್ನೂ ಕೇಳಿಕೊಳ್ಳಬೇಕು. ಮನೆಯಲ್ಲಿ ಕನ್ನಡ ಆಡುವ ಅಜ್ಜಿ ಚಿಕ್ಕಂದಿನಲ್ಲಿ ಜಪಸರ ಕಲಿತದ್ದು ತಮಿಳಿನಲ್ಲೋ ಕೊಂಕಣಿಯಲ್ಲೋ ಇರಬಹುದು. ಮರೆವಿನ ಕಾಯಿಲೆ ಬಂದವರಲ್ಲಿ ಮಕ್ಕಳ ಹೆಸರು ಹೋದರೂ ಬಾಲ್ಯದ ಪ್ರಾರ್ಥನೆ ಉಳಿದಿರುತ್ತದೆ. "ನಮೋ ಮರಿಯಾ" ಎಂದು ನಿಧಾನವಾಗಿ ಶುರು ಮಾಡಿದರೆ ತುಟಿ ತಾನಾಗಿ ಅಲ್ಲಾಡುವುದನ್ನು ಎಷ್ಟೋ ಮನೆಗಳಲ್ಲಿ ಕಾಣಬಹುದು. "ಆಮೆನ್" ಬಾಯಿಗೆ ಬರದಿದ್ದರೆ ಒತ್ತಾಯ ಬೇಡ.

ಈಗ ನಿಜವಾಗಿ ನೋವಿನ ವಿಷಯ: ತಡವಾಗಿ ಬರುವ ಫೋನು. ರೋಗಿಗೆ ಪ್ರಜ್ಞೆ ತಪ್ಪಿ ಎರಡು ದಿನವಾದ ಮೇಲೆ, ಕೆಲವೊಮ್ಮೆ ಉಸಿರು ನಿಂತ ಮೇಲೆ, "ಫಾದರ್ ಬೇಗ ಬನ್ನಿ" ಎನ್ನುತ್ತಾರೆ. ಮುಂಚೆ ಯಾಕೆ ಹೇಳಲಿಲ್ಲ ಎಂದರೆ ಉತ್ತರ ಒಂದೇ: ಫಾದರ್ ಬಂದರೆ ಅಪ್ಪ ಹೆದರಿಕೊಳ್ಳುತ್ತಾರೆ. ಈ ಹೆದರಿಕೆಯನ್ನು ಸಾಕಿದ್ದು, ರೋಗಿಗೆ ಗುರುಗಳು ಪವಿತ್ರ ಎಣ್ಣೆ ಹಚ್ಚುವ ಸಂಸ್ಕಾರಕ್ಕಿದ್ದ "ಅಂತ್ಯಾಭ್ಯಂಗ" ಎಂಬ ಹಳೆಯ ಹೆಸರು. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಇದನ್ನು ರೋಗಿಗಳ ಅಭ್ಯಂಗ ಎಂದು ಕರೆಯುವುದೇ ಸರಿ, ಇದು ಪ್ರಾಣ ಹೋಗುವ ಗಳಿಗೆಯವರಿಗೆ ಮಾತ್ರವಲ್ಲ ಎಂದಿತು. ಗಂಭೀರ ಕಾಯಿಲೆ ಪತ್ತೆಯಾದಾಗ, ಅಂಥ ಕಾಯಿಲೆಗೆ ದೊಡ್ಡ ಶಸ್ತ್ರಚಿಕಿತ್ಸೆಗೆ ಹೋಗುವ ಮುಂಚೆ, ವಯಸ್ಸಿನಿಂದ ತೀರಾ ಕುಗ್ಗಿದಾಗ ಪಡೆಯಬೇಕಾದ ಸಂಸ್ಕಾರ ಅದು. ಗುಣವಾಗಿ ಮತ್ತೆ ಕಾಯಿಲೆ ಬಿದ್ದರೆ, ಅದೇ ಕಾಯಿಲೆ ಉಲ್ಬಣಿಸಿದರೆ ಮತ್ತೊಮ್ಮೆ ಪಡೆಯಬಹುದು. ತೀರಿಕೊಂಡವರಿಗೆ ಕೊಡುವುದಿಲ್ಲ. ಪ್ರಾಣ ಹೋಗಿದೆಯೋ ಇಲ್ಲವೋ ಎಂಬ ಅನುಮಾನ ಇದ್ದರೆ ಮಾತ್ರ ಗುರುಗಳು ಕೊಡುತ್ತಾರೆ.

ಕೊನೆಯ ಗಳಿಗೆಯ ಸಂಸ್ಕಾರ ಎಣ್ಣೆಯಲ್ಲ, ಪ್ರಸಾದ. ವಿಯಾಟಿಕಂ ಎಂದರೆ ದಾರಿಗೆ ಕಟ್ಟಿಕೊಡುವ ಬುತ್ತಿ. ಪಾಪನಿವೇದನೆ, ಅಭ್ಯಂಗ, ಆಮೇಲೆ ಬುತ್ತಿ, ಇದು ಕ್ರಮ. ಪ್ರಜ್ಞೆ ತಪ್ಪಿದ ಮೇಲೆ ಕರೆದರೆ ಈ ಮೂರರಲ್ಲಿ ನಡುವಿನದೊಂದೇ ಕೈಗೆ ಸಿಗುವುದು. ಬಾಯಿ ಬಿಟ್ಟು ಪಾಪ ಹೇಳಿಕೊಳ್ಳಲೂ ಆಗದು, ಬುತ್ತಿ ನುಂಗಲೂ ಆಗದು. ಬೆಳಿಗ್ಗೆ ಪ್ರಸಾದ ಸ್ವೀಕರಿಸಿದವರಿಗೂ ಅದೇ ದಿನ ಪ್ರಾಣಾಪಾಯ ಬಂದರೆ ವಿಯಾಟಿಕಂ ಮತ್ತೆ ಕೊಡಬಹುದು. ಪವಿತ್ರ ಶನಿವಾರ ಹಗಲಿನಲ್ಲಿ ರೋಗಿಗಳಿಗೆ ಮಾಮೂಲು ಪ್ರಸಾದ ಒಯ್ಯುವುದಿಲ್ಲ, ಆದರೆ ಸಾಯುವವರಿಗೆ ಬುತ್ತಿ ಆ ದಿನವೂ ನಿಲ್ಲುವುದಿಲ್ಲ.

ಪಾಪನಿವೇದನೆ ಕೇಳುವುದೂ ಅಭ್ಯಂಗ ಕೊಡುವುದೂ ಗುರುಗಳಿಂದ ಮಾತ್ರ ಆಗುವಂಥದ್ದು. ವಿತರಕರ ಕೆಲಸ ಗಮನಿಸಿ ತಿಳಿಸುವುದು. "ಫಾದರ್ ಒಮ್ಮೆ ಬಂದು ಹೋಗಲಿ" ಎಂದು ರೋಗಿ ಅಂದರೆ ಅದೇ ದಿನ ಹೇಳಿ, ಮುಂದಿನ ತಿಂಗಳಿಗೆ ಬಿಡಬೇಡಿ. ಕಿವಿ ಮಂದವಾದವರ ಪಾಪನಿವೇದನೆ ಪಕ್ಕದ ಕೋಣೆಗೂ ಕೇಳಿಸುತ್ತದೆ. ಮನೆಯವರು ಅಂಗಳಕ್ಕೇ ಹೋಗಿ ನಿಲ್ಲುವುದು ಸರಿ.

ಅಭ್ಯಂಗದ ಎಣ್ಣೆಯ ಡಬ್ಬಿ ಸಕ್ರಿಸ್ತಿಯಲ್ಲಿ ಇನ್ನೆರಡರ ಜೊತೆ ಇರುತ್ತದೆ: ದೀಕ್ಷಾಸ್ನಾನಕ್ಕೆ ತಯಾರಾಗುವ ದೀಕ್ಷಾರ್ಥಿಗಳ ಎಣ್ಣೆ ಮತ್ತು ಕ್ರಿಸ್ಮ ಎಂಬ ಪರಿಮಳದ ಎಣ್ಣೆ. ರೋಗಿಗಳದ್ದರ ಮೇಲೆ ಸಾಮಾನ್ಯವಾಗಿ 'ಓ.ಐ.' (ಲ್ಯಾಟಿನ್‌ನಲ್ಲಿ ರೋಗಿಗಳ ಎಣ್ಣೆ ಎಂಬುದರ ಮೊದಲಕ್ಷರಗಳು) ಎಂದು ಕೆತ್ತಿರುತ್ತದೆ. ಅಕ್ಷರ ಸವೆದಿದ್ದರೆ ಮೂಸಿ ನೋಡಿ, ಪರಿಮಳ ಇರುವುದು ಕ್ರಿಸ್ಮ. ರಾತ್ರಿ ಎರಡು ಗಂಟೆಗೆ ಅವಸರದಲ್ಲಿ ಕೈಗೆ ತಪ್ಪು ಡಬ್ಬಿ ಸಿಗದಂತೆ ರೋಗಿಗಳ ಎಣ್ಣೆ, ಸ್ಟೋಲ್ (ಗುರುಗಳು ಕೊರಳಿಗೆ ಹಾಕುವ ಪಟ್ಟಿ), ಪ್ರಾರ್ಥನೆ ಪುಸ್ತಕ, ಹತ್ತಿ, ಟಾರ್ಚ್ ಎಲ್ಲವನ್ನೂ ಒಂದೇ ಚೀಲದಲ್ಲಿ ಬಾಗಿಲ ಬಳಿ ತೂಗುಹಾಕಿಡಬೇಕು. ಡಬ್ಬಿಯೊಳಗಿನ ಹತ್ತಿ ಒಣಗಿರುತ್ತದೆ, ತಿಂಗಳಿಗೊಮ್ಮೆ ನೋಡಿ. ಹಣೆ ಮತ್ತು ಅಂಗೈಗಳಿಗೆ ಹಚ್ಚಲು ಬೇಕಾದದ್ದು ಕೆಲವೇ ಹನಿ, ಆದರೆ ಆ ಕೆಲವು ಹನಿ ಇರಲೇಬೇಕು. ಎಣ್ಣೆಯೇ ಸಿಗದ ತುರ್ತಿನಲ್ಲಿ ಗುರುಗಳು ಮನೆಯ ಯಾವುದೇ ಸಸ್ಯಜನ್ಯ ಎಣ್ಣೆಯನ್ನು ಅಲ್ಲೇ ಆಶೀರ್ವದಿಸಿ ಬಳಸಬಹುದು.

ಆಸ್ಪತ್ರೆಯಲ್ಲಿ ನರ್ಸ್ ಹೇಳಿದ್ದೇ ನಿಯಮ. ಐಸಿಯುನಲ್ಲಿ ಐದು ನಿಮಿಷ ಸಿಕ್ಕರೆ ಪ್ರಭುವಿನ ಪ್ರಾರ್ಥನೆ ಮತ್ತು ಪ್ರಸಾದ, ಅಷ್ಟೇ. ಕೈಗೆ ಹಚ್ಚಿದ ಸ್ಯಾನಿಟೈಸರ್ ಪೂರ್ತಿ ಆರಿದ ಮೇಲೆಯೇ ಪಿಕ್ಸ್ ಮುಟ್ಟಿ. ಆಸ್ಪತ್ರೆಗೆ ಸೇರಿಸುವಾಗ ಕ್ಯಾಥೊಲಿಕರು ಎಂದು ಬರೆಸಿದರೆ ಸಾಕು, ಧರ್ಮಕೇಂದ್ರಕ್ಕೆ ಸುದ್ದಿ ತಾನಾಗಿ ಮುಟ್ಟುತ್ತದೆ ಎಂದು ನಂಬಿ ಕೂರಬೇಡಿ. ಮನೆಯವರೇ ಫೋನ್ ಮಾಡಬೇಕು. ಹಾಗೆಯೇ ರೋಗಿಯ ಹೆಸರು, ಕಾಯಿಲೆಯನ್ನು ಅವರ ಒಪ್ಪಿಗೆ ಇಲ್ಲದೆ ಧರ್ಮಕೇಂದ್ರದ ವಾಟ್ಸಾಪ್ ಗುಂಪಿಗೆ ಹಾಕಬಾರದು. ಪ್ರಾರ್ಥನೆಗೆ "ನಮ್ಮ ವಲಯದ ಒಬ್ಬ ರೋಗಿ" ಎಂದರೆ ಸಾಕು, ದೇವರಿಗೆ ವಿಳಾಸ ಗೊತ್ತಿದೆ.

ಕೊನೆಯ ಮನೆಯಿಂದ ಮತ್ತೆ ನೇರ ದೇವಾಲಯಕ್ಕೆ. ಪ್ರಸಾದ ಉಳಿದಿದ್ದರೆ ಪೆಟ್ಟಿಗೆಗೆ ಹಿಂದಿರುಗಿಸಿ. ಖಾಲಿಯಾದ ಪಿಕ್ಸಿಗೆ ಸ್ವಲ್ಪ ನೀರು ಹಾಕಿ, ಅಲುಗಿಸಿ, ಚೂರು ಉಳಿಯದಂತೆ ಕುಡಿದು, ಬಟ್ಟೆಯಿಂದ ಒರೆಸಿ, ಮುಚ್ಚಳ ತೆರೆದೇ ಒಣಗಲು ಬಿಡಿ. ಆಮೇಲೆ ನೋಟ್‌ಬುಕ್ಕಿನಲ್ಲಿ ಮನೆಗೊಂದು ಸಾಲು: ಯಾರಿಗೆ ಚಮಚದಲ್ಲಿ ಕೊಡಬೇಕು, ಯಾರ ಮನೆಯಲ್ಲಿ ಆಕ್ಸಿಜನ್ ಬಂದಿದೆ, ಯಾರು ಫಾದರನ್ನು ಕೇಳಿದರು. ಕೊನೆಯದನ್ನು ಬರೆದ ಕೂಡಲೇ ಗುರುಮನೆಯ ಬಾಗಿಲು ತಟ್ಟಿ.